ಇನಾಮು ಮೊದಲೋ, ಸೇವೆ ಮೊದಲೋ?

ಪ್ರಯಾಣ ಮುಗಿದ ಮೇಲೆ ಸಂತೋಷದಿಂದ ಕೊಡುವ ಬಕ್ಷೀಸನ್ನು ಪ್ರಯಾಣ ಹೊರಡುವುದಕ್ಕೆ ಮೊದಲೇ ಕಟ್ಟಿಬಿಡುವುದು ಸರಿಯೇ? ದೊಡ್ಡ ಹಡಗುಗಳಲ್ಲಿ ಸಮುದ್ರವಿಹಾರಕ್ಕೆ ಹೊರಡುವ ನಮ್ಮ ನಗರಗಳ ಸಂಸಾರಗಳ ಮುಂದೆ ಈಗ ಈ ಪ್ರಶ್ನೆ ಬಂದು ನಿಂತಿದೆ. ಟಿಕೆಟ್ಟಿನ ಹಣದ ಜೊತೆಯಲ್ಲಿಯೇ, ಆಳೊಬ್ಬರಿಗೆ ದಿನವೊಂದಕ್ಕೆ ಇಷ್ಟೆಂದು, ಹಡಗಿನ ಕೆಲಸಗಾರರ ಬಕ್ಷೀಸನ್ನೂ ಮುಂಚಿತವಾಗಿ ಪಾವತಿ ಮಾಡಬಹುದೆಂದು ಕಂಪನಿಗಳು ತಿಳಿಸುತ್ತವೆ. ಅಮೆರಿಕದ ದೊಡ್ಡ ಹಡಗುಗಳಲ್ಲಿ ಈ ದರ ಸುಮಾರು 15ರಿಂದ 20 ಡಾಲರಿನಷ್ಟಿದೆ. ನಾಲ್ವರ ಕುಟುಂಬ ಏಳು ದಿನ ಪ್ರಯಾಣ ಮಾಡಿದರೆ 420ರಿಂದ 560 ಡಾಲರು ಇದಕ್ಕೇ ಆಯಿತು. ಹಡಗಿನ ಮೆಟ್ಟಿಲನ್ನು ಇನ್ನೂ ಹತ್ತಿಲ್ಲ. ಹಾಸಿಗೆ ಹಾಸುವವನ ಮುಖವನ್ನು ಕಂಡಿಲ್ಲ. ಊಟ ಬಡಿಸುವವನ ಹೆಸರು ತಿಳಿದಿಲ್ಲ. ಕಾಣದವನಿಗೆ ಮೆಚ್ಚುಗೆ ಎಂಥದು ಎಂದು ಮನೆಯ ಯಜಮಾನರು ಕೇಳಿದರೆ, ಹೇಗೂ ಕೊಡಬೇಕಾದದ್ದನ್ನು ಮೊದಲೇ ಕೊಟ್ಟು ನಿಶ್ಚಿಂತರಾಗೋಣ ಎನ್ನುತ್ತಾರೆ ಮನೆಯವರು. ಇಬ್ಬರ ಮಾತಿನಲ್ಲಿಯೂ ಹುರುಳಿದೆ.

ಪ್ರಶ್ನೆ ಹೊಸದೆಂದು ತೋರಿದರೂ ಇದರ ಬೇರು ಬಹಳ ಹಳೆಯದು. ಕೊಡುಗೆ ಸೇವೆಗೆ ಮೊದಲು ಬರಬೇಕೋ ಆಮೇಲೆ ಬರಬೇಕೋ ಎಂಬುದನ್ನು ನಮ್ಮ ನಾಡು ಹದಿನೈದು ಶತಮಾನಗಳಿಂದ ನಾನಾ ಬಗೆಯಲ್ಲಿ ಪ್ರಯೋಗ ಮಾಡಿ ನೋಡಿದೆ. ಆ ಪ್ರಯೋಗದ ಫಲಗಳನ್ನು ಒಂದೇ ಕಡೆ ಕಾಣಬೇಕೆಂದರೆ ಸಮುದ್ರದವರೆಗೆ ಹೋಗಬೇಕಾಗಿಲ್ಲ. ಮೈಸೂರು ಸೀಮೆಯ ಕಾಕನಕೋಟೆಯ ಕಾಡಿಗೆ ಹೋದರೆ ಸಾಕು. ಅಲ್ಲಿಗೆ ಹೋಗುವ ಮುನ್ನ ಶಾಸನಗಳತ್ತ ಒಮ್ಮೆ ನೋಡುವುದು ಒಳ್ಳೆಯದು.

ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಪ್ರಸಿದ್ಧವಾದ ಹಲ್ಮಿಡಿಯ ಶಾಸನ, ಸುಮಾರು ಕ್ರಿ. ಶ. 450ರದು, ಒಂದು ಕೊಡುಗೆಯ ದಾಖಲೆಯೇ ಆಗಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಹಲ್ಮಿಡಿಯೂ ಮೂಳಿವಳ್ಳಿಯೂ ‘ಬಾಳ್ಗಳ್ಚು’ ಆಗಿ ದೊರೆತವು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕಾಳಗ ಮುಗಿದು ಕತ್ತಿಯನ್ನು ತೊಳೆಯುವ ಹೊತ್ತಿನಲ್ಲಿ ಬರುವ ಮನ್ನಣೆ ಅದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ. ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರನನ್ನು ದೊರೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಂತಿತು. ರಣದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ‘ನೆತ್ತರುಕೊಡಗೆ’ ಎಂದು ಹೆಸರು. ಇವೆಲ್ಲವೂ ಸೇವೆಯ ಬಳಿಕ ಬಂದ ಕೊಡುಗೆಗಳು.

ಇನ್ನೊಂದು ಬಗೆಯ ಕೊಡುಗೆ ಉಂಬಳಿ. ಉಣ್ಣು ಎಂಬ ಧಾತುವಿನಿಂದ ಬಂದ ಮಾತು ಇದು. ನೀನೂ ನಿನ್ನ ಮಕ್ಕಳೂ ಈ ಕೆಲಸವನ್ನು ಮಾಡಿಕೊಂಡು ಬನ್ನಿರಿ, ಅದಕ್ಕಾಗಿ ಈ ಭೂಮಿಯನ್ನು ಉಣ್ಣಿರಿ ಎಂದು ಮೊದಲೇ ಕೊಟ್ಟುಬಿಡುವುದು ಉಂಬಳಿಯ ರೀತಿ. ಪರ್ಷಿಯನ್ ಮತ್ತು ಅರಬಿ ಮಾತುಗಳು ನಮ್ಮ ಕಚೇರಿಗಳಿಗೆ ಬಂದ ಮೇಲೆ ಇದೂ ಇನಾಮು ಎನಿಸಿತು, ಹಿಂದಿನದೂ ಇನಾಮು ಎನಿಸಿತು. ಹೆಸರು ಒಂದಾದರೂ ಬಗೆ ಎರಡು. ಒಂದು ಮೆಚ್ಚಿ ಕೊಟ್ಟದ್ದು, ಇನ್ನೊಂದು ನಚ್ಚಿ ಕೊಟ್ಟದ್ದು.

ಈಗ ಕಾಕನಕೋಟೆಗೆ ಬರೋಣ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿಯೆಂದೂ ಕರೆಯುವ ಕಪಿಲಾ ನದಿಯ ದಂಡೆಯ ಕಾಡು ಇದು. ಜೇನುಕುರುಬರೂ ಬೆಟ್ಟಕುರುಬರೂ ಇಲ್ಲಿಯ ಹಳೆಯ ನಿವಾಸಿಗಳು. ಮಾಸ್ತಿಯವರ ‘ಕಾಕನಕೋಟೆ’ ನಾಟಕದಿಂದಲೂ, ಸಿ. ಆರ್. ಸಿಂಹ ಅವರು 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದ್ದರಿಂದಲೂ ಈ ಹೆಸರು ವಾಚಕರಿಗೆ ಪರಿಚಿತವಾಗಿದೆ. ಆದರೆ ಲೋಕದ ದೃಷ್ಟಿಯನ್ನು ಇತ್ತ ಸೆಳೆದದ್ದು ಖೆಡ್ಡಾ. ಮೈಸೂರು ಸೀಮೆಯಲ್ಲಿ ಆನೆಗಳ ಹಿಂಡನ್ನೇ ಅಟ್ಟಿ ಆವರಣಕ್ಕೆ ತರುವ ಈ ವಿಧಾನವನ್ನು ಕಾಲುವೆಗಳ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ 1873–74ರಲ್ಲಿ ಚಾಮರಾಜನಗರದ ಕಡೆ ನಡೆಸಿ ಗೆದ್ದನು. ಮುಂದೆ ಕಾಕನಕೋಟೆಯೇ ಅದರ ಮುಖ್ಯ ರಂಗವಾಯಿತು. ಆನೆಗಳನ್ನು ನದಿಗೆ ಇಳಿಸಿ, ನೀರು ದಾಟಿಸಿ, ಎದುರು ದಡದ ಮರದ ಕೋಟೆಯೊಳಕ್ಕೆ ಹೊಗಿಸುವ ದೃಶ್ಯವನ್ನು ನೋಡಲು ಅರಮನೆಯ ಅತಿಥಿಗಳು ಬರುತ್ತಿದ್ದರು. ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರ 1906ರಲ್ಲಿಯೂ, ಅವನ ಮಗ 1922ರಲ್ಲಿಯೂ ಈ ಕಾಡಿಗೆ ಬಂದರು.

ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದದ್ದು ಕೆಲವೇ ಗಳಿಗೆಯ ಆಟ. ಅದರ ಹಿಂದಿನ ಕೆಲಸ ತಿಂಗಳುಗಟ್ಟಲೆಯದು. ಹಿಂಡು ಎಲ್ಲಿದೆ ಎಂದು ಜಾಡು ಹಿಡಿದು ಹೇಳುವವರು ಬೇಕು. ಕಂದಕ ತೋಡುವವರು, ಮರ ಕಡಿದು ಬೇಲಿ ನಿಲ್ಲಿಸುವವರು ಬೇಕು. ಹಿಂಡು ತಪ್ಪಿಸಿಕೊಳ್ಳದಂತೆ ಸುತ್ತಲೂ ಬೆಂಕಿ ಹಾಕಿಕೊಂಡು ರಾತ್ರಿಯೆಲ್ಲ ಎಚ್ಚರವಿರುವವರು ಬೇಕು. ತಮಟೆ ಬಾರಿಸಿ, ಕೂಗಿ, ಅಟ್ಟುವವರು ಬೇಕು. ಕಡೆಯಲ್ಲಿ ಪಳಗಿದ ಆನೆಗಳ ಮೇಲೆ ಕುಳಿತು ಕಾಡಾನೆಗಳ ನಡುವೆ ನುಗ್ಗಿ ಹಗ್ಗ ಹಾಕಿಸುವ ಮಾವುತರೂ ಕಾವಾಡಿಗಳೂ ಬೇಕು. ಬೇಟೆ ಮುಗಿದ ಮೇಲೆ ಇನಾಮು ಕೊಡುವುದು ಆ ಕಾಲದ ದೊರೆಗಳ ವಾಡಿಕೆ. ಆದರೆ ಮೆಚ್ಚಿ ಕೊಡುವ ಇನಾಮಿಗೆ ಒಂದು ಸ್ವಭಾವವುಂಟು: ಅದು ಕಣ್ಣಿಗೆ ಬಿದ್ದವನ ಕೈಗೆ ಹೋಗುತ್ತದೆ. ಅಟ್ಟಣೆಯಿಂದ ಕಾಣುವವನು ಹಗ್ಗ ಹಾಕುವ ಮಾವುತ. ಮೂರು ಹರದಾರಿ ಆಚೆ ಬಿದಿರುಮೆಳೆಯ ಮರೆಯಲ್ಲಿ ಬೆಂಕಿ ಕಾದ ಕುರುಬನು ಯಾರ ಕಣ್ಣಿಗೆ ಬಿದ್ದಾನು? ಅತಿಥಿಗಳ ಹೆಸರುಗಳು ಪುಸ್ತಕಗಳಲ್ಲಿ ಉಳಿದಿವೆ; ಕಾಡಿನ ದಾರಿ ತೋರಿದವರ ಹೆಸರುಗಳು ಅಲ್ಲಿ ವಿರಳ. ಆಮೇಲೆ ಕೊಡುವ ಕೊಡುಗೆಯಲ್ಲಿ ಮೆಚ್ಚುಗೆಯ ಸೊಗಸಿದೆ, ಹಂಚಿಕೆಯ ನ್ಯಾಯವಿಲ್ಲ.

ಹಾಗಾದರೆ ಮೊದಲೇ ಕೊಟ್ಟದ್ದು ಮೇಲೋ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ಇದಕ್ಕೂ ಉತ್ತರ ಹೇಳುತ್ತದೆ. ಹಳ್ಳಿಯ ತೋಟಿ, ತಳವಾರ, ನೀರಗಂಟಿ ಇವರಿಗೆ ಇನಾಮು ಭೂಮಿಯಿತ್ತು. ಭೂಮಿ ಇದ್ದುದರಿಂದ ಹೊಟ್ಟೆಗೆ ಆಸರೆಯಾಯಿತು, ನಿಜ. ಆದರೆ ತಾತನಿಗೆ ಕೊಟ್ಟ ತುಂಡು ಹೊಲಕ್ಕಾಗಿ ಮೊಮ್ಮಗನೂ ಅದೇ ಚಾಕರಿಯನ್ನು ಮಾಡಬೇಕಾಯಿತು. ಮುಂಗಡದ ಇನ್ನೊಂದು ರೂಪ ಇದಕ್ಕಿಂತಲೂ ಕಠಿಣವಾದದ್ದು. ಮದುವೆಗೋ ಕಾಯಿಲೆಗೋ ಒಡೆಯನಿಂದ ಮೊದಲೇ ಹಣ ಪಡೆದವನು ಆ ಹಣ ತೀರುವವರೆಗೆ ಅವನ ಮನೆಯಲ್ಲಿ ದುಡಿಯಬೇಕು. ಹಣವಾದರೋ ತೀರುವುದೇ ಇಲ್ಲ. ಇದಕ್ಕೆ ಜೀತವೆಂದು ಹೆಸರು. ಈ ಸೀಮೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದವರಿಗೂ ಮುಂಗಡದ ಈ ಕೊಕ್ಕೆ ಅಪರಿಚಿತವಲ್ಲ. ಗ್ರಾಮಸೇವೆಯ ಇನಾಮುಗಳಿಗೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಶಾಸನವೂ, ಜೀತಕ್ಕೆ 1976ರ ಶಾಸನವೂ ಕೊನೆ ಹೇಳಿದವು. ಬಡವನ ಕೈಗೆ ಮೊದಲೇ ಬಂದ ಹಣವೆಲ್ಲ ಉಪಕಾರವೆಂದು ಭಾವಿಸುವವರು ಈ ಶಾಸನಗಳು ಏಕೆ ಬೇಕಾದವು ಎಂಬುದನ್ನು ನೆನೆಯಬೇಕು.

ಮೊದಲೇ ಕೊಡುವ ಹಣಕ್ಕೆ ನಗರದವರಿಗೆ ಚೆನ್ನಾಗಿ ಗೊತ್ತಿರುವ ಮತ್ತೊಂದು ಹೆಸರುಂಟು. ಕೆಲಸ ಆದ ಮೇಲೆ ಕೊಟ್ಟರೆ ಇನಾಮು, ಆಗುವ ಮೊದಲು ಕೊಟ್ಟರೆ ಲಂಚ. ಕಚೇರಿಯ ಬಾಗಿಲಲ್ಲಿ ನಿಂತವರೆಲ್ಲ ಈ ವ್ಯಾಕರಣವನ್ನು ಬಲ್ಲರು. ಮಾಮೂಲು ಎಂಬ ಮಾತಿನ ಗತಿಯನ್ನು ನೋಡಿರಿ. ವಾಡಿಕೆಯಂತೆ ಸಲ್ಲುವಂಥದು ಎಂಬುದಷ್ಟೇ ಅದರ ಮೂಲಾರ್ಥ. ವಾಡಿಕೆಯು ದರವಾಗಿ, ದರವು ಒತ್ತಾಯವಾಗಿ, ಮರ್ಯಾದೆಯ ಮಾತೊಂದು ಕಡೆಗೆ ಲಂಚಕ್ಕೇ ಹೆಸರಾಯಿತು. ಹಡಗಿನವರು ಮೊದಲೇ ಬಕ್ಷೀಸು ಕೇಳಿದಾಗ ನಮ್ಮ ಮನಸ್ಸು ಹಿಂಜರಿಯುವುದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬಹುದು.

ಖೆಡ್ಡಾದ ಕಾಲ ಮುಗಿಯಿತು. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ; ಮರುವರ್ಷ ವನ್ಯಜೀವಿ ಸಂರಕ್ಷಣಾ ಶಾಸನ ಬಂದಿತು; 1974ರಲ್ಲಿ ಕಬಿನಿಗೆ ಅಣೆಕಟ್ಟು ಮುಗಿದು, ಆನೆ ದಾಟುತ್ತಿದ್ದ ನೆಲದ ಮೇಲೆ ನೀರು ನಿಂತಿತು. 1980ರಲ್ಲಿ ಸರಕಾರವು ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದ ಬಳಿ, ಹಿಂದೆ ಮಹಾರಾಜರ ಬೇಟೆಯ ಬಿಡಾರವಿದ್ದಲ್ಲಿ, ಪ್ರವಾಸಿಗಳಿಗೆ ವಸತಿಯಾಯಿತು. ಈಗ ಜನರು ದೋಣಿಯಲ್ಲಿ ಕುಳಿತು ಹಿನ್ನೀರಿನ ಮೇಲೆ ತೇಲುತ್ತ ದಡದ ಆನೆಗಳನ್ನು ನೋಡುತ್ತಾರೆ. ಅಟ್ಟಣೆಯ ಅತಿಥಿಯ ಜಾಗದಲ್ಲಿ ಟಿಕೆಟ್ಟು ಕೊಂಡ ಪ್ರವಾಸಿ ಬಂದಿದ್ದಾನೆ. ಆದರೆ ಹಳೆಯ ಸ್ವಭಾವ ಹಾಗೆಯೇ ಉಳಿದಿದೆ. ಹುಲಿ ಕಂಡ ದಿನ ಜೀಪಿನ ಚಾಲಕನಿಗೆ ಬಕ್ಷೀಸು ದೊಡ್ಡದು. ಕಾಣದ ದಿನ ಸಣ್ಣದು. ಹುಲಿಯ ಇಷ್ಟಕ್ಕೆ ಚಾಲಕನು ಹೊಣೆಯೇ? ಪಾತ್ರೆ ತೊಳೆಯುವ ಹೆಂಗಸಿಗೆ ಹುಲಿ ಕಂಡರೂ ಒಂದೇ, ಕಾಣದಿದ್ದರೂ ಒಂದೇ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರೆಯ ಆನೆಗಳು ಮೈಸೂರಿಗೆ ಹೊರಡುತ್ತವೆ. 1968ರ ಖೆಡ್ಡಾದಲ್ಲಿ ಕಾಕನಕೋಟೆಯಲ್ಲಿಯೇ ಸೆರೆಯಾದ ಅರ್ಜುನ ಎಂಬ ಆನೆ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿದ್ದಾಗ ಮಡಿಯಿತು. ದಸರೆ ಮುಗಿದ ಮೇಲೆ ಅರಮನೆಯ ಆವರಣದಲ್ಲಿ ಆನೆಗಳಿಗೆ ಪೂಜೆ ಮಾಡಿ, ಮಾವುತರಿಗೂ ಕಾವಾಡಿಗಳಿಗೂ ಗೌರವಧನ ಕೊಟ್ಟು ಬೀಳ್ಕೊಡುವ ಪದ್ಧತಿ ಇದೆ. ಅದು ಚೆಲುವಾದ ಪದ್ಧತಿ; ಬಾಳ್ಗಳ್ಚುವಿನ ಕುಲಕ್ಕೆ ಸೇರಿದ್ದು. ಆದರೆ ಮಾವುತರು ಬಹುಕಾಲದಿಂದ ಕೇಳುತ್ತ ಬಂದದ್ದು ಅದಲ್ಲ, ಕೆಲಸದ ಭದ್ರತೆ ಮತ್ತು ತಕ್ಕ ಸಂಬಳ. ಗೌರವಧನವು ಸಂಬಳದ ಮೇಲಿನ ಹೂವಾಗಬೇಕೇ ಹೊರತು ಸಂಬಳದ ಬದಲಿಗೆ ಬರಬಾರದು.

ಹೊರದೇಶಗಳಲ್ಲಿಯೂ ಇದೇ ಪಾಠ. ಅಮೆರಿಕದ ಪುಲ್‌ಮನ್ ಕಂಪನಿಯು ತನ್ನ ರೈಲುಗಳ ಮಲಗುವ ಗಾಡಿಗಳಲ್ಲಿ ಕರಿಯ ಜನರನ್ನು ಸೇವಕರನ್ನಾಗಿ ಇಟ್ಟುಕೊಂಡು, ಪ್ರಯಾಣಿಕರ ಬಕ್ಷೀಸಿನ ಭರವಸೆಯಲ್ಲಿ ಅವರಿಗೆ ಸಂಬಳವನ್ನು ಕಡಮೆ ಕೊಡುತ್ತಿತ್ತು. ಆ ಕೆಲಸಗಾರರು 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಅದಕ್ಕೆ ಮೊದಲು, 1909ರಲ್ಲಿ ವಾಷಿಂಗ್ಟನ್ ಸಂಸ್ಥಾನವು ಬಕ್ಷೀಸನ್ನೇ ನಿಷೇಧಿಸಿತು; ಬೇರೆ ಕೆಲವು ಸಂಸ್ಥಾನಗಳೂ ಹಿಂಬಾಲಿಸಿದವು; 1926ರ ಹೊತ್ತಿಗೆ ಆ ನಿಷೇಧಗಳೆಲ್ಲ ರದ್ದಾದವು. ಹಳೆಯ ಹಡಗುಗಳಲ್ಲಿ ಕಡೆಯ ರಾತ್ರಿ ಲಕೋಟೆಯಲ್ಲಿ ಹಣವಿಟ್ಟು ಕೊಡುವ ರೂಢಿ ಇತ್ತು. ಈಗಿನ ಹಡಗುಗಳಲ್ಲಿ ದಿನದ ದರವನ್ನು ಕೂಡಿಸಿ ಹಂಚುತ್ತಾರೆ. ಕೋಣೆಯವನಿಗೆ, ಬಡಿಸುವವನಿಗೆ, ಅನೇಕ ಹಡಗುಗಳಲ್ಲಿ ಕಣ್ಣಿಗೆ ಬೀಳದ ಅಗಸನಿಗೂ ಅಡಿಗೆಯವನಿಗೂ ಅದರಲ್ಲಿ ಪಾಲುಂಟು. ಗೋವೆಯ, ನಮ್ಮ ಕರಾವಳಿಯ ಹುಡುಗರೂ ಆ ಕೆಲಸಗಾರರಲ್ಲಿದ್ದಾರೆ.

ಹೀಗೆ ನೋಡಿದರೆ ಹಡಗಿನವರು ಮುಂಚಿತವಾಗಿ ಕೇಳುವ ಹಣ ಹೆಸರಿಗೆ ಬಕ್ಷೀಸು, ಸ್ವರೂಪದಲ್ಲಿ ಕೂಲಿ. ಅದನ್ನು ಸೂಚಿಸಲು ಬಳಸುವ ಗ್ರಾಚ್ಯುಯಿಟಿ ಎಂಬ ಮಾತನ್ನು ನಮ್ಮ ನೌಕರವರ್ಗ ಬಲ್ಲದು. ನಿವೃತ್ತಿಯ ದಿನ ಕೈಗೆ ಬರುವ ಇಡುಗಂಟು ಎಂದೇ ನಾವು ಅದಕ್ಕೆ ಅರ್ಥ ಮಾಡುತ್ತೇವೆ. ಒಂದಾನೊಂದು ಕಾಲದಲ್ಲಿ ಅದೂ ಧಣಿಯ ದಯೆಯೇ ಆಗಿತ್ತು. ಕಾರ್ಖಾನೆ, ಅಂಗಡಿಗಳ ಕೆಲಸಗಾರರಿಗೆ 1972ರ ಗ್ರಾಚ್ಯುಯಿಟಿ ಶಾಸನವು ಅದನ್ನು ಹಕ್ಕನ್ನಾಗಿ ಮಾಡಿತು. ದಯೆಯಿಂದ ಹಕ್ಕಿನ ಕಡೆಗೆ ನಡೆಯುವುದು ಈ ಮಾತಿನ ಚರಿತ್ರೆ. ಹಡಗಿನ ಗ್ರಾಚ್ಯುಯಿಟಿ ಇನ್ನೂ ನಡುದಾರಿಯಲ್ಲಿದೆ: ಕೆಲಸಗಾರ ಅದನ್ನು ಸಂಬಳವೆಂದು ನಂಬಿದ್ದಾನೆ, ಪ್ರಯಾಣಿಕ ತನ್ನ ದಯೆಯೆಂದು ಬಗೆದಿದ್ದಾನೆ, ಧಣಿ ಎರಡರ ನಡುವೆ ತನ್ನ ಹೊರೆಯನ್ನು ಇಳಿಸಿಕೊಂಡಿದ್ದಾನೆ.

ಆದುದರಿಂದ ಮೊದಲೇ ಕಟ್ಟಬೇಕೋ ಎಂದು ಕೇಳುವವರಿಗೆ ಹೀಗೆ ಹೇಳಬಹುದು. ಆ ಹಣವನ್ನು ಟಿಕೆಟ್ಟಿನ ಬೆಲೆಯ ಭಾಗವೆಂದೇ ಎಣಿಸಿ, ಮನೆಯಲ್ಲಿ ಲೆಕ್ಕ ಹಾಕುವಾಗಲೇ ಸೇರಿಸಿ, ಮೊದಲೇ ಕಟ್ಟಿಬಿಡುವುದು ಲೇಸು. ಯಾರಿಗೆ ಹಂಚುತ್ತಾರೆ ಎಂದು ಕಂಪನಿಯನ್ನು ಕೇಳಿ ತಿಳಿಯುವುದಕ್ಕೆ ಸಂಕೋಚ ಬೇಡ. ಹಲವು ಹಡಗುಗಳಲ್ಲಿ ಪ್ರಯಾಣಿಕನು ಕೋರಿದರೆ ಈ ಮೊತ್ತವನ್ನು ಕಡಮೆ ಮಾಡುತ್ತಾರೆ. ಒಂದು ದಿನದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹಾಗೆ ಮಾಡಿಸಿದರೆ ಕಾಣದ ಅಗಸನ ಪಾಲೂ ಹೋಗುತ್ತದೆ. ಬಡವನಿಗೆ ಕೊಟ್ಟ ಮುಂಗಡ ಅವನನ್ನು ಕಟ್ಟಿಹಾಕಿತೆಂದೆವು. ಇಲ್ಲಿಯ ಮುಂಗಡ ಕಟ್ಟುವುದು ಕೊಡುವವನನ್ನು. ಹಡಗಿನ ಮೇಲೆ ಇರುವಷ್ಟು ದಿನವೂ ತನ್ನ ಸಿಟ್ಟು ಸೆಡವುಗಳಿಗೆ ತಕ್ಕಂತೆ ಇನ್ನೊಬ್ಬನ ಅನ್ನವನ್ನು ಅಳೆಯುವ ಅಧಿಕಾರ ಅವನ ಕೈ ತಪ್ಪುತ್ತದೆ. ಅದು ತಪ್ಪುವುದು ಒಳ್ಳೆಯದೇ.

ಮೆಚ್ಚುಗೆಯನ್ನು ಮಾತ್ರ ಮೊದಲೇ ಕಟ್ಟಲಾಗುವುದಿಲ್ಲ. ವಯಸ್ಸಾದ ತಾಯಿಯನ್ನು ಕೈಹಿಡಿದು ಮೆಟ್ಟಿಲು ಇಳಿಸಿದವನಿಗೆ, ಮಗುವಿಗೆ ವೇಳೆಯಲ್ಲದ ವೇಳೆಯಲ್ಲಿ ಹಾಲು ತಂದುಕೊಟ್ಟವನಿಗೆ, ಕಡೆಯ ದಿನ ಹೆಸರು ಹಿಡಿದು ಕರೆದು ಕೈಯಾರೆ ಏನಾದರೂ ಕೊಡುವುದಕ್ಕೆ ಸ್ವಲ್ಪ ಹಣವನ್ನು ಬೇರೆಯಾಗಿಯೇ ಇಟ್ಟುಕೊಂಡಿರಬೇಕು. ಅವನ ಮೇಲಿನವರಿಗೆ ನಾಲ್ಕು ಸಾಲು ಒಳ್ಳೆಯ ಮಾತು ಬರೆದುಕೊಟ್ಟರೆ ಮತ್ತೂ ಒಳ್ಳೆಯದು. ಕಬಿನಿಯ ದೋಣಿಗೂ ಸಮುದ್ರದ ಹಡಗಿಗೂ ಈ ಮಾತು ಒಂದೇ. ಮಣಲೆರನಿಗೆ ಊರುಗಳೂ ದೊರೆತವು, ಕಾಳಿಯೂ ದೊರೆಯಿತು. ಊರುಗಳು ಬದುಕಿಗೆ ಬೇಕಾದವು. ನಾಯಿಯು ಮನಸ್ಸಿಗೆ ಬೇಕಾದದ್ದು. ಒಂದನ್ನು ಕೊಟ್ಟೆವೆಂದು ಇನ್ನೊಂದನ್ನು ಮರೆಯುವುದು ಬೇಡ.