ಕನ್ನಡಕದ ಮೂಲೆಯಲ್ಲಿರೋ ಆ ನಂಬರ್

ಭಾಗ 1

ಮೊದಲನೇ ಫೋಟೋದಲ್ಲಿ ಮುಖಕ್ಕೆ ಡಬ್ಬಿ ಕಟ್ಕೊಂಡು ಬಾಯಿ ಬಿಟ್ಕೊಂಡು ಕೂತಿರೋದು ನಾನೇ. ನಗ್ಬೇಡಿ.

ಸಿಮ್ಯುಲೇಟರ್‌ನಲ್ಲಿ ಒಂದು ತಿಂಗಳು ಪ್ರಾಕ್ಟೀಸ್ ಮಾಡಿದ್ಮೇಲೆ ನಮ್ಮ ಸೀನಿಯರ್ ಅಣ್ಣ ಅವರ ಎಫ್‌ಪಿವಿ ಡ್ರೋನ್ ಕೈಗೆ ಕೊಟ್ರು. ಪಕ್ಕದಲ್ಲೇ ನಿಂತು ಒಂದೇ ಮಾತು ಹೇಳಿದ್ರು: "ಕೆಳಗಡೆ ಮೂಲೇಲಿ ವೋಲ್ಟೇಜ್ ಬರ್ತಿರುತ್ತೆ, 14 ಆದ ತಕ್ಷಣ ವಾಪಸ್ ಬಾ." ನಾಲ್ಕು ಸೆಲ್‌ನ ಬ್ಯಾಟರಿ ಅದು. ಫುಲ್ ಚಾರ್ಜ್‌ನಲ್ಲಿ ಸೆಲ್‌ಗೆ 4.2ರಂತೆ ಒಟ್ಟು 16.8 ವೋಲ್ಟ್. 14 ಅಂದ್ರೆ ಸೆಲ್‌ಗೆ 3.5, ಹೆಚ್ಚು ಹೊತ್ತು ಇಲ್ಲ ಅಂತ.

ನಾನು ತೆಂಗಿನ ಮರದ ತುದಿ ನೋಡ್ತಿದ್ದೆ, ಕೆರೆ ಏರಿ ನೋಡ್ತಿದ್ದೆ. ನಂಬರ್ ಒಂದು ಬಿಟ್ಟು ಎಲ್ಲಾ ನೋಡಿದೆ. ಡ್ರೋನ್ ರಾಗಿ ಹೊಲಕ್ಕೆ ಬಿತ್ತು. ಮೋಟಾರ್ ಒಂದು ಹೋಯ್ತು. ಬಿಕಾಂ ಭಾಷೇಲಿ ಹೇಳೋದಾದ್ರೆ ಈಗ ನನ್ನ ಹೆಸರಲ್ಲಿ ಒಂದು ಲಯಬಿಲಿಟಿ ಇದೆ, ಮೂರು ಕಂತು.

ಆ ನಂಬರ್ ಅಲ್ಲಿಗೆ ಹೇಗೆ ಬಂತು ಅಂತ ಹುಡುಕ್ತಾ ಹೋದೆ. ಕಥೆ ನಾನಂದ್ಕೊಂಡಲ್ಲಿಂದ ಶುರುವಾಗಲ್ಲ.

ಭಾಗ 2

1944. ಎರಡನೇ ಮಹಾಯುದ್ಧ, ಪೆಸಿಫಿಕ್ ಸಾಗರ. ಅಮೆರಿಕದ ನೌಕಾಪಡೆ ಹತ್ರ ಟಿಡಿಆರ್-1 ಅನ್ನೋ ವಿಮಾನ ಇತ್ತು. ಯುದ್ಧಕ್ಕೆ ಹೋಗುವಾಗ ಅದರೊಳಗೆ ಯಾರೂ ಇರ್ತಿರಲಿಲ್ಲ. ಮೂತಿಯಲ್ಲಿ ಆರ್‌ಸಿಎ ಕಂಪನಿಯ ಟಿವಿ ಕ್ಯಾಮೆರಾ, ಜೊತೆಗೆ ಬಾಂಬು. ಹಿಂದೆ ದೂರದಲ್ಲಿ ಇನ್ನೊಂದು ವಿಮಾನ, ಅದರಲ್ಲಿ ಒಬ್ಬ ಚಿಕ್ಕ ಪರದೆ ನೋಡ್ಕೊಂಡು ರೇಡಿಯೋದಲ್ಲೇ ಇದನ್ನ ನಡೆಸ್ತಿದ್ದ. ನಡೆಸಿ ಗುರಿಗೆ ಗುದ್ದಿಸ್ತಿದ್ದ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸೊಲೊಮನ್ ದ್ವೀಪಗಳ ಕಡೆ ಜಪಾನಿಯರ ಮೇಲೆ ನಿಜವಾಗ್ಲೂ ಬಳಸಿದ್ರು. ಒಂದೇ ತಿಂಗಳಲ್ಲಿ ಯೋಜನೆ ನಿಲ್ಲಿಸಿಬಿಟ್ರು.

ನಮ್ಮ ಮನೆಗಳಿಗೆ ಟಿವಿ ಬರೋಕೆ ಎಷ್ಟೋ ವರ್ಷ ಮುಂಚೆ ಇದು! ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಭಾಗ 3

ಪರದೆ ಕಣ್ಣಿಗೆ ಹತ್ರ ಬಂದಿದ್ದು 1961ರಲ್ಲಿ, ಫಿಲ್ಕೋ ಕಂಪನಿಯ ಹೆಡ್‌ಸೈಟ್‌ನಿಂದ. ತಲೆ ತಿರುಗಿಸಿದ್ರೆ ಇನ್ನೆಲ್ಲೋ ಇರೋ ಕ್ಯಾಮೆರಾನೂ ತಿರುಗ್ತಿತ್ತು. 1968ರಲ್ಲಿ ಐವನ್ ಸದರ್ಲೆಂಡ್ ಮಾಡಿದ್ದು ಕಂಪ್ಯೂಟರ್ ಬಿಡಿಸಿದ ಗೆರೆಗಳನ್ನ ತೋರಿಸ್ತಿತ್ತು. ಅದನ್ನ ಛಾವಣಿಗೇ ಜೋಡಿಸಿದ್ರು. ನಮ್ಮ ಗಾಗಲ್ಸ್ ಒತ್ತುತ್ತೆ ಅನ್ನೋರು ಆ ಫೋಟೋ ಒಂದ್ಸಲ ನೋಡಿ.

ನಂಬರ್‌ಗಳ ವಂಶ ಬೇರೆ. ಪೈಲಟ್ ಮೀಟರ್ ನೋಡೋಕೆ ತಲೆ ತಗ್ಗಿಸಿದ್ರೆ ಆ ಕ್ಷಣ ಹೊರಗೆ ಏನೂ ಕಾಣಲ್ಲ. ಹಾಗಾಗಿ ಕಣ್ಣೆದುರಿನ ಗಾಜಿನ ಮೇಲೇ ಮಾಹಿತಿ ಮೂಡಿಸಿದ್ರು. 1958ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಬುಕನೀರ್ ಯುದ್ಧವಿಮಾನದಲ್ಲಿ ಇಂಥದ್ದಿತ್ತು.

ಭಾಗ 4

ಇದೆಲ್ಲ ನಮ್ಮಂಥವರ ಕೈಗೆ ಬಂದಿದ್ದು ಒಂದು ವಿಡಿಯೋ ಗೇಮ್‌ನಿಂದ ಅಂದ್ರೆ ನಂಬ್ತೀರಾ? ನಿಂಟೆಂಡೊ ವೀ ಗೇಮ್‌ನ ಕಂಟ್ರೋಲರ್ ಬಿಡಿಭಾಗಗಳ ಒಳಗಿನ ಅಗ್ಗದ ಸೆನ್ಸರ್ ಬಿಚ್ಚಿ ಹವ್ಯಾಸಿಗಳು ಮಲ್ಟಿವೀ ಅನ್ನೋ ಫ್ಲೈಟ್ ಕಂಟ್ರೋಲರ್ ಮಾಡಿದ್ರು. ಇವತ್ತಿನ ಬೀಟಾಫ್ಲೈಟ್ ಅದೇ ಬಳ್ಳಿಯ ಕುಡಿ.

ನಂಬರ್ ಬರೆಯೋ ಕೆಲಸ ಮ್ಯಾಕ್ಸ್7456 ಅನ್ನೋ ಚಿಪ್‌ದು. ಡ್ರೋನ್‌ನಲ್ಲೇ ಕೂತ್ಕೊಂಡು ಕ್ಯಾಮೆರಾ ಚಿತ್ರದ ಮೇಲೆ ಬಿಳಿ ಅಕ್ಷರ ಅಂಟಿಸುತ್ತೆ: ಪ್ಯಾಲ್ ವಿಡಿಯೋ ಆದ್ರೆ 16 ಸಾಲು, ಸಾಲಿಗೆ 30 ಅಕ್ಷರ, ಅಷ್ಟೇ. ಆಮೇಲೆ ಚಿತ್ರ, ಅಕ್ಷರ ಎರಡೂ ಒಟ್ಟಿಗೇ ಗಾಳಿಯಲ್ಲಿ ಬರುತ್ತೆ. ಅದಕ್ಕೇ ಅನಲಾಗ್‌ನಲ್ಲಿ ಸಿಗ್ನಲ್ ಕೆಟ್ರೆ ಚಿತ್ರದ ಜೊತೆ ನಂಬರೂ ಮಸುಕಾಗೋದು. 2019ರಲ್ಲಿ ಡಿಜೆಐ ಡಿಜಿಟಲ್ ಗಾಗಲ್ಸ್ ತಂತು. ಅಲ್ಲಿ ನಂಬರ್ ಬೇರೆಯಾಗಿ ಬಂದು ಗಾಗಲ್ಸ್ ಒಳಗೇ ಮೂಡುತ್ತೆ.

2016ರಲ್ಲಿ ದುಬೈನ ವರ್ಲ್ಡ್ ಡ್ರೋನ್ ಪ್ರಿಕ್ಸ್ ಗೆದ್ದಿದ್ದು 15 ವರ್ಷದ ಬ್ರಿಟಿಷ್ ಹುಡುಗ, ಲ್ಯೂಕ್ ಬ್ಯಾನಿಸ್ಟರ್. ಬಹುಮಾನ ಎರಡೂವರೆ ಲಕ್ಷ ಡಾಲರ್. ನಾನು 15ರಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳ್ಬೇಡಿ.

ಭಾಗ 5

ಇದನ್ನ ಬರೀಲೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ.

2022ರಿಂದ ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಇದೇ ಎಫ್‌ಪಿವಿ ಡ್ರೋನ್‌ಗಳಿಗೆ ಸ್ಫೋಟಕ ಕಟ್ಟಿ ಹಾರಿಸ್ತಿದ್ದಾರೆ. ಆ ವಿಡಿಯೋಗಳು ಹಾಡು ಹಾಕ್ಕೊಂಡು ರೀಲ್ಸ್ ಆಗಿ ನಮ್ಮ ಫೀಡ್‌ಗೂ ಬರುತ್ತೆ. ನೀವೂ ನೋಡಿರ್ತೀರ, ನಾನೂ ಒಂದಕ್ಕೆ ಲೈಕ್ ಒತ್ತಿದ್ದೆ. ಈ ಸಲ ಮೂಲೆ ನೋಡಿದೆ. ಅದೇ ಬಿಳಿ ಅಕ್ಷರ, ಅದೇ ಪುಟ್ಟ ಬ್ಯಾಟರಿ ಚಿಹ್ನೆ. ಎದುರಿಗೆ ಓಡ್ತಿರೋ ಮನುಷ್ಯ. ಆಮೇಲೆ ಪರದೆ ಪೂರ್ತಿ ಚುಕ್ಕಿ ಚುಕ್ಕಿ. ಲೈಕ್ ತೆಗೆದೆ.

ಗಾಗಲ್ಸ್‌ನಲ್ಲಿ ರೆಕಾರ್ಡ್ ಆಗಿದ್ದ ನನ್ನ ವಿಡಿಯೋನ ಅಣ್ಣ ನಿನ್ನೆ ಕಳಿಸಿದ್ರು. ಕೆರೆ, ತೆಂಗಿನ ಮರ, ಮೂಲೇಲಿ 14.0, 13.6, 13.1. ರಾಗಿ ತೆನೆ ಹತ್ರ ಬಂತು. ಕೊನೆಗೆ ಅದೇ ಚುಕ್ಕಿ ಚುಕ್ಕಿ.

ಅದನ್ನ ಸ್ಟೋರಿಗೆ ಹಾಕಿದೀನಿ, ಹಾಡಿಲ್ಲದೆ. ಎರಡನೇ ಕಂತು ಶನಿವಾರ ಕೊಡ್ಬೇಕು.