ಹಿಡಿದು, ಆಪರೇಷನ್ ಮಾಡಿಸಿ, ಅಲ್ಲೇ ಬಿಡುವ ವಿದ್ಯೆ: ಬೀದಿಬೆಕ್ಕುಗಳ ಸಂತಾನ ನಿಯಂತ್ರಣದ ಏಳು ದಶಕ

ದಕ್ಷಿಣ ಆಫ್ರಿಕಕ್ಕೆ ಸೇರಿದ ಮೇರಿಯನ್ ದ್ವೀಪದ ಹವಾಮಾನ ಕೇಂದ್ರದಲ್ಲಿ ಇಲಿಗಳ ಕಾಟ ಹೆಚ್ಚಾಯಿತೆಂದು 1949ರಲ್ಲಿ ಐದು ಬೆಕ್ಕುಗಳನ್ನು ತಂದು ಸಾಕಿದರು. 1977ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 3,400ಕ್ಕೆ ಏರಿತ್ತು. ನೆಲದ ಬಿಲಗಳಲ್ಲಿ ಮೊಟ್ಟೆಯಿಡುವ ಪೆಟ್ರೆಲ್ ಹಕ್ಕಿಗಳು ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಅವುಗಳ ಬಾಯಿಗೆ ಬೀಳುತ್ತಿದ್ದವು. ಆ ವರ್ಷ ಅಲ್ಲಿಗೆ ಬೆಕ್ಕುಗಳ ಮಾರಕ ವೈರಾಣುವೊಂದನ್ನು ಬೇಕೆಂದೇ ಹರಡಲಾಯಿತು. ಅದರಿಂದ ಬದುಕಿ ಉಳಿದವುಗಳನ್ನು ರಾತ್ರಿ ದೀಪ ಹಿಡಿದು ಗುಂಡಿಕ್ಕಿದರು, ಬೋನಿಟ್ಟು ಹಿಡಿದರು, ವಿಷ ಹಾಕಿದರು. ದ್ವೀಪ ಬೆಕ್ಕಿಲ್ಲದಂತಾದದ್ದು 1991ರಲ್ಲಿ. ಸುತ್ತ ಸಮುದ್ರ, ಹೊರಗಿನಿಂದ ಹೊಸ ಬೆಕ್ಕು ಬರುವ ದಾರಿಯಿಲ್ಲ, ಅನ್ನ ಹಾಕುವ ಮನೆಗಳಿಲ್ಲ. ಅಂಥ ಜಾಗದಲ್ಲೂ ಕೊಂದು ಮುಗಿಸಲು ಹದಿನಾಲ್ಕು ವರ್ಷ ಹಿಡಿಯಿತು.

ಊರಿಗೆ ಸಮುದ್ರದ ಬೇಲಿ ಇಲ್ಲ. ಒಂದು ಓಣಿಯ ಬೆಕ್ಕುಗಳನ್ನು ಇಲ್ಲವಾಗಿಸಿದರೆ ಪಕ್ಕದ ಓಣಿಯವು ಬಂದು ಸೇರುತ್ತವೆ. ಇದನ್ನು ಬಹುಕಾಲ ಅನುಭವದ ಮಾತಾಗಿಯಷ್ಟೇ ಹೇಳುತ್ತಿದ್ದರು. ಟಾಸ್ಮೇನಿಯದ ಕಾಡಿನಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಲೆಕ್ಕ ಕೊಟ್ಟಿತು. ಅಷ್ಟಿಷ್ಟು ಬೆಕ್ಕುಗಳನ್ನು ಕೊಲ್ಲುತ್ತಾ ಹೋದ ಎರಡು ತಾಣಗಳಲ್ಲಿ ಬೆಕ್ಕುಗಳ ಸಂಖ್ಯೆ ಇಳಿಯಲಿಲ್ಲ, ಒಂದರಲ್ಲಿ ಶೇ. 75ರಷ್ಟು, ಇನ್ನೊಂದರಲ್ಲಿ ಶೇ. 211ರಷ್ಟು ಏರಿತು. ಗಡಿ ಕಾಯುತ್ತಿದ್ದ ಬಲಿಷ್ಠ ಬೆಕ್ಕುಗಳು ಹೋದಾಗ ಅಕ್ಕಪಕ್ಕದ ಎಳೆಯವು ನುಗ್ಗಿರಬೇಕು ಎಂಬುದು ಸಂಶೋಧಕರ ವಿವರಣೆ.

ಕೊಲ್ಲದೆ ತಡೆಯುವ ದಾರಿಯನ್ನು ಮೊದಲು ಹುಡುಕಿದವರು ವಿಜ್ಞಾನಿಗಳಲ್ಲ, ಬ್ರಿಟನ್ನಿನ ಕೆಲವು ಹೆಂಗಸರು. 1950ರ ದಶಕದಲ್ಲಿ ರೂತ್ ಪ್ಲಾಂಟ್ ಬೀದಿಯ ಬೆಕ್ಕುಗಳನ್ನು ಹಿಡಿದು, ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ತಂದು ಬಿಡತೊಡಗಿದರು. ಬೀದಿಬೆಕ್ಕಿಗೆ ಆಪರೇಷನ್ ಎಂಬುದೇ ಜನರಿಗೆ ವಿಚಿತ್ರವಾಗಿ ಕಂಡ ಕಾಲ ಅದು. ಪ್ರಸಿದ್ಧ ರೂಪದರ್ಶಿಯಾಗಿದ್ದ ಸೀಲಿಯಾ ಹ್ಯಾಮಂಡ್ ಫ್ಯಾಷನ್ ಲೋಕ ಬಿಟ್ಟು ಇದೇ ಕೆಲಸಕ್ಕಿಳಿದರು. 1977ರಲ್ಲಿ ಪ್ಲಾಂಟ್ ‘ಕ್ಯಾಟ್ ಆಕ್ಷನ್ ಟ್ರಸ್ಟ್’ ಕಟ್ಟಿದರು. 1980ರಲ್ಲಿ ಪ್ರಾಣಿಕಲ್ಯಾಣಕ್ಕೆ ಮೀಸಲಾದ ವಿದ್ವತ್ ಸಂಸ್ಥೆಯಾದ ಯುಫಾ ಬೀದಿಬೆಕ್ಕುಗಳ ಜೀವನಕ್ರಮ ಮತ್ತು ನಿಯಂತ್ರಣದ ಬಗ್ಗೆ ವಿಚಾರಸಂಕಿರಣ ನಡೆಸಿತು. ಮರುಕದಿಂದ ಶುರುವಾದ ಕೆಲಸ ಪಶುವೈದ್ಯರ, ಪರಿಸರ ತಜ್ಞರ ಅಧ್ಯಯನದ ವಿಷಯವಾದದ್ದು ಅಲ್ಲಿಂದ. ಇಂಗ್ಲಿಷಿನ ಮೂರು ಅಕ್ಷರ ಹಿಡಿದು ಟಿಎನ್‌ಆರ್ ಎಂದು ಈಗ ಎಲ್ಲೆಡೆ ಕರೆಯುವುದು ಈ ವಿಧಾನವನ್ನೇ.

ಕೆಲಸದ ಕಷ್ಟ ಬೋನಿನಲ್ಲಿದೆ. ಬೀದಿಯಲ್ಲೇ ಹುಟ್ಟಿ ಬೆಳೆದ ಬೆಕ್ಕು ಕೈಗೆ ಸಿಗುವುದಿಲ್ಲ. ಸಿಕ್ಕಿದರೆ ಕಚ್ಚಿ ಪರಚಿ ಆಸ್ಪತ್ರೆಗೆ ಕಳಿಸುತ್ತದೆ. ಅದಕ್ಕೆ ಮೊದಲು ಕೆಲವು ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಿ ರೂಢಿ ಮಾಡಿಸಬೇಕು. ಬೋನಿಡುವ ಹಿಂದಿನ ದಿನ ಆ ಬೀದಿಯಲ್ಲಿ ಅನ್ನ ಹಾಕುವವರೆಲ್ಲ ಕೈ ತಡೆಯಬೇಕು. ಒಬ್ಬರು ಮರುಕಪಟ್ಟು ಹಾಲಿಟ್ಟರೂ ಮರುದಿನದ ಕೆಲಸ ಹಾಳು. ಕಂಬಿ ಕಾಲಿಗೆ ತಾಗದಂತೆ ಬೋನಿನ ತಳಕ್ಕೆ ಪೇಪರು ಹಾಸಿ, ಒಳಗಿನ ತುದಿಯಲ್ಲಿ ವಾಸನೆ ಜೋರಾಗಿರುವ ಬೂತಾಯಿಯನ್ನೋ ಬಂಗುಡೆಯನ್ನೋ ಇಡುತ್ತಾರೆ. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿಗೆ ದಪ್ಪ ಬಟ್ಟೆ ಹೊದಿಸಬೇಕು. ಕತ್ತಲಾದರೆ ಬೆಕ್ಕು ತಣ್ಣಗಾಗುತ್ತದೆ. ಒಮ್ಮೆ ಸಿಕ್ಕಿ ಬುದ್ಧಿ ಕಲಿತವಕ್ಕೆ ಮೇಲಿನಿಂದ ಬೀಳುವ ಬೋನು ಬೇಕು. ಅದರ ಹಗ್ಗ ಹಿಡಿದು ದೂರದಲ್ಲಿ ಗಂಟೆಗಟ್ಟಲೆ ಕೂರುವ ತಾಳ್ಮೆಯೂ ಬೇಕು. ಹೆಣ್ಣು ಬೆಕ್ಕಾದರೆ ಮೊಲೆ ನೋಡುವುದನ್ನು ಮರೆಯುವಂತಿಲ್ಲ. ಹಾಲೂಡುವ ತಾಯಿಯನ್ನು ಹಲವು ದಿನ ಇಟ್ಟುಕೊಂಡರೆ ಎಲ್ಲೋ ಸಂದಿಯಲ್ಲಿ ಮರಿಗಳು ಹಸಿದು ಸಾಯುತ್ತವೆ.

ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಚೂರು ನೇರವಾಗಿ ಕತ್ತರಿಸುವುದು ಬಹುತೇಕ ದೇಶಗಳ ಪದ್ಧತಿ. ದೂರದಿಂದ ಕಂಡರೂ ಈ ಬೆಕ್ಕಿಗೆ ಆಪರೇಷನ್ ಆಗಿದೆ ಎಂದು ತಿಳಿಯಲಿ, ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವಂತಾಗದಿರಲಿ ಎಂದು. ಜಪಾನಿನಲ್ಲಿ ಕಿವಿಗೆ ಚೆರ್ರಿ ಹೂವಿನ ಎಸಳಿನಂತೆ ಕಚ್ಚು ಹಾಕುತ್ತಾರೆ, ಹೆಣ್ಣಿಗೆ ಎಡಗಿವಿ, ಗಂಡಿಗೆ ಬಲಗಿವಿ. ಹುಚ್ಚುನಾಯಿ ರೋಗದ ಲಸಿಕೆಯೂ ಅದೇ ಹೊತ್ತಿಗೆ ಆಗುತ್ತದೆ.

ಈ ಕ್ಷೇತ್ರದ ಪ್ರಚಾರದಲ್ಲಿ ಒಂದು ಲೆಕ್ಕ ಹಲವು ಕಾಲದಿಂದ ಓಡಾಡುತ್ತಿದೆ: ಒಂದು ಜೋಡಿ ಬೆಕ್ಕಿನಿಂದ ಏಳು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೆಕ್ಕು. ಹುಟ್ಟಿದ ಮರಿಗಳೆಲ್ಲ ಬದುಕುತ್ತವೆ ಎಂದುಕೊಂಡರೆ ಮಾತ್ರ ಬರುವ ಸಂಖ್ಯೆ ಅದು. ಅಮೆರಿಕದ ನಾರ್ತ್ ಕ್ಯಾರೊಲಿನದಲ್ಲಿ 169 ಮರಿಗಳನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳು ತುಂಬುವ ಮೊದಲೇ ಶೇ. 75ರಷ್ಟು ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ನಾಯಿ ಕಚ್ಚಿ, ವಾಹನಕ್ಕೆ ಸಿಕ್ಕಿ ಸತ್ತವೇ ಹೆಚ್ಚು. ಆಪರೇಷನ್ ಮಾಡಿಸಲು ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ. ಬೆಕ್ಕು ಹೆಚ್ಚಾದವೆಂಬ ದೂರಿಗಿಂತ, ಹುಟ್ಟಿ ಕೆಲವೇ ವಾರಗಳಲ್ಲಿ ನರಳಿ ಸಾಯುವ ಮರಿಗಳ ಸಂಕಟ ದೊಡ್ಡದು.

ಇಟಲಿ ಈ ಕೆಲಸವನ್ನು ಕಾನೂನಿಗೇ ತಂದಿತು. 1991ರ 281ನೇ ಕಾಯಿದೆ ಬೀದಿಯಲ್ಲಿ ಬದುಕುವ ಬೆಕ್ಕುಗಳನ್ನು ಕೊಲ್ಲದಂತೆ ತಡೆದು, ಅವುಗಳ ಸಂತಾನಹರಣವನ್ನು ಸರ್ಕಾರಿ ಪಶುವೈದ್ಯ ಸೇವೆಗೆ ಒಪ್ಪಿಸಿತು. ರೋಮ್ ನಗರದಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 8,000 ಬೆಕ್ಕುಗಳಿಗೆ ಆಪರೇಷನ್ ಆಯಿತು. ಸಂಶೋಧಕರು 103 ಗುಂಪುಗಳನ್ನು ಪರಿಶೀಲಿಸಿದರು. 55 ಗುಂಪುಗಳಲ್ಲಿ ಸಂಖ್ಯೆ ಇಳಿದಿತ್ತು, 20ರಲ್ಲಿ ಇದ್ದಷ್ಟೇ ಇತ್ತು, 28ರಲ್ಲಿ ಏರಿತ್ತು. ಏರಿಕೆಗೆ ಮುಖ್ಯ ಕಾರಣ ಹೊರಗಿನಿಂದ ಬಂದು ಸೇರಿದ ಬೆಕ್ಕುಗಳು; ಅದರಲ್ಲೂ ಮನೆಯವರು ಸಾಕಿ ತಂದು ಬಿಟ್ಟವು. ಜನ ಬೆಕ್ಕನ್ನು ತಂದು ಬಿಡುವುದು ನಿಲ್ಲದಿದ್ದರೆ ಈ ದುಡ್ಡು, ಶ್ರಮ ಎಲ್ಲ ವ್ಯರ್ಥವೆಂದು ಅವರು ನೇರವಾಗಿಯೇ ಬರೆದರು.

ಅಮೆರಿಕದಲ್ಲಿ 1990ರಲ್ಲಿ ವಾಷಿಂಗ್ಟನ್‌ನ ಓಣಿಯೊಂದರ ಬೆಕ್ಕುಗಳಿಂದ ‘ಆಲಿ ಕ್ಯಾಟ್ ಅಲೈಸ್’ ಹುಟ್ಟಿತು. ಮ್ಯಾಸಚೂಸೆಟ್ಸ್‌ನ ನ್ಯೂಬರಿಪೋರ್ಟ್ ಬಂದರಿನಲ್ಲಿ 1992ರಲ್ಲಿ ಸುಮಾರು 300 ಬೆಕ್ಕುಗಳಿದ್ದವು. 2009ರಲ್ಲಿ ಒಂದೂ ಉಳಿದಿರಲಿಲ್ಲ. ಫ್ಲಾರಿಡದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಹನ್ನೊಂದು ವರ್ಷ ನಡೆದ ಕೆಲಸದ ವರದಿ 2003ರಲ್ಲಿ ಬಂತು: 1996ರಲ್ಲಿ 68 ಇದ್ದ ಬೆಕ್ಕುಗಳು 2002ಕ್ಕೆ 23ಕ್ಕೆ ಇಳಿದಿದ್ದವು. ಇಂಥ ಯಶಸ್ಸುಗಳನ್ನು ಓದುವಾಗ ಒಂದು ಅಂಶವನ್ನು ದಾಟಿ ಹೋಗಬಾರದು. ಅಲ್ಲಿ ಒಟ್ಟು 155 ಬೆಕ್ಕುಗಳಲ್ಲಿ ಶೇ. 47ರಷ್ಟಕ್ಕೆ ಮನೆ ಹುಡುಕಿ ಕೊಟ್ಟಿದ್ದರು. ಕತ್ತರಿಯೊಂದೇ ಆ ಕೆಲಸ ಮಾಡಲಿಲ್ಲ.

ಹಾಗಾದರೆ ಎಷ್ಟು ಬೆಕ್ಕಿಗೆ ಮಾಡಿಸಿದರೆ ಸಾಕು? ಕ್ಯಾಲಿಫೋರ್ನಿಯದ ಸ್ಯಾನ್ ಡೀಗೊ ಮತ್ತು ಫ್ಲಾರಿಡದ ಒಂದು ಕೌಂಟಿಯ ಅಂಕಿಅಂಶ ಹಿಡಿದು 2005ರಲ್ಲಿ ಲೆಕ್ಕ ಹಾಕಿದವರು ಶೇ. 71ರಿಂದ 94ರವರೆಗೆ ಬೇಕೆಂದರು. ಎರಡೂ ಕಡೆ ನಡೆದ ಕೆಲಸ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಲೆಕ್ಕದ ಹಾಳೆಯಿಂದ ಬೀದಿಗೆ ಇಳಿದು ಉತ್ತರ ಕೊಟ್ಟದ್ದು ಇಸ್ರೇಲಿನ ರಿಶೋನ್ ಲೆಝಿಯೋನ್ ನಗರದಲ್ಲಿ ಹನ್ನೆರಡು ವರ್ಷ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ. ಈ ಕ್ಷೇತ್ರದಲ್ಲಿ ಒಂದನ್ನೇ ಓದಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಮೊದಲ ನಾಲ್ಕು ವರ್ಷ ಏನೂ ಮಾಡದೆ ಎಣಿಸಿದರು. ನಂತರದ ನಾಲ್ಕು ವರ್ಷ ನಗರದ ಅರ್ಧ ಭಾಗಗಳಲ್ಲಿ ಆಪರೇಷನ್ ಮಾಡಿದರು; ಸಂಖ್ಯೆ ಇಳಿಯಲಿಲ್ಲ, ಪಕ್ಕದ ಭಾಗಗಳಿಂದ ಬೆಕ್ಕುಗಳು ಬಂದು ಸೇರಿದವು. ಕೊನೆಯ ನಾಲ್ಕು ವರ್ಷ ನಡುವೆ ಜಾಗ ಬಿಡದೆ ಇಡೀ ನಗರದಲ್ಲಿ ಮಾಡಿದರು. ಶೇ. 70 ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ. 7ರಂತೆ ಇಳಿಯತೊಡಗಿತು. ಇದ್ದ ಬೆಕ್ಕು ಕಡಿಮೆಯಾದಾಗ ಹುಟ್ಟಿದ ಮರಿಗಳು ಹೆಚ್ಚು ಬದುಕುತ್ತವೆ, ಆದ್ದರಿಂದ ಕೈ ಬಿಟ್ಟರೆ ಸಂಖ್ಯೆ ಮತ್ತೆ ಏರುತ್ತದೆ ಎಂದೂ ಕಂಡುಕೊಂಡರು.

ಪಕ್ಷಿತಜ್ಞರ ಆಕ್ಷೇಪ ಬೇರೆ, ಅದು ಗಂಭೀರವಾದದ್ದು. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಂದಾಜು ಹೇಳಿತು. ಆಪರೇಷನ್ ಆದ ಬೆಕ್ಕೂ ಬೇಟೆಯಾಡುತ್ತದೆ. ಅಪರೂಪದ ಹಕ್ಕಿಗಳು ಗೂಡು ಕಟ್ಟುವ ದ್ವೀಪದಲ್ಲಿ, ಕಾಡಿನಲ್ಲಿ ಹಿಡಿದ ಬೆಕ್ಕನ್ನು ಮತ್ತೆ ಅಲ್ಲೇ ಬಿಡುವುದು ಸರಿಯಲ್ಲ ಎಂಬ ಅವರ ಮಾತನ್ನು ಒಪ್ಪಬೇಕು. ಟಿಎನ್‌ಆರ್ ಮೀನು ಮಾರುಕಟ್ಟೆಗೆ, ಆಸ್ಪತ್ರೆಯ ಆವರಣಕ್ಕೆ, ವಸತಿ ಬಡಾವಣೆಗೆ ಹೊಂದುವ ವಿಧಾನ.

ಶಸ್ತ್ರಚಿಕಿತ್ಸೆಯೇ ಬೇಡವಾಗುವ ದಿನವೂ ಬರಬಹುದು. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ಆರು ಹೆಣ್ಣು ಬೆಕ್ಕುಗಳ ಸ್ನಾಯುವಿಗೆ ವಂಶವಾಹಿ ಚಿಕಿತ್ಸೆಯ ಒಂದೇ ಚುಚ್ಚುಮದ್ದು ಕೊಟ್ಟರು. ಎರಡು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ ಗಂಡಿನ ಜೊತೆ ಬಿಟ್ಟಾಗಲೂ ಅವುಗಳಲ್ಲಿ ಒಂದೂ ಗಬ್ಬವಾಗಲಿಲ್ಲ. ಬೀದಿಗೆ ಬರಲು ಇದಕ್ಕೆ ಇನ್ನೂ ಕಾಲ ಬೇಕು.

ನಮ್ಮ ದೇಶದಲ್ಲಿ ಈ ವಿಷಯದಲ್ಲಿ ನಾಯಿಯೇ ಮುಂದೆ. ಚೆನ್ನೈನ ಬ್ಲೂ ಕ್ರಾಸ್ 1960ರ ದಶಕದಲ್ಲೇ ಬೀದಿನಾಯಿಗಳಿಗೆ ಸಂತಾನಹರಣ ಶುರು ಮಾಡಿತು. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಕಟ್ಟಿದ ಕ್ಯೂಪಾದಂಥ ಸಂಸ್ಥೆಗಳು ಅದನ್ನು ಇಲ್ಲಿ ಬೆಳೆಸಿದವು. 2001ರ ಕೇಂದ್ರದ ನಿಯಮಗಳ ಹೆಸರಿನಲ್ಲೇ ನಾಯಿ ಮಾತ್ರ ಇತ್ತು; ಬೆಕ್ಕಿಗೂ ಜಾಗ ಸಿಕ್ಕಿದ್ದು 2023ರ ಮಾರ್ಚ್‌ನ ಹೊಸ ನಿಯಮಗಳಲ್ಲಿ. ನಮ್ಮಲ್ಲಿ ಕೆಲಸ ಕಷ್ಟವಾಗಲು ಇನ್ನೂ ಒಂದು ಕಾರಣವಿದೆ. ಬೆಕ್ಕು ಬೆದೆಗೆ ಬರುವುದು ಹಗಲು ಉದ್ದವಿರುವ ಕಾಲದಲ್ಲಿ. ಯೂರೋಪಿನ ಚಳಿಗಾಲದಲ್ಲಿ ಸಿಗುವ ಬಿಡುವು ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಕಿರಿದಾಗುತ್ತದೆ.

ಮನೆಯಲ್ಲಿ ಮರಿ ಹೆಚ್ಚಾದರೆ ಗೋಣಿಚೀಲಕ್ಕೆ ಹಾಕಿ ಮೀನು ಮಾರುಕಟ್ಟೆಯ ಹತ್ತಿರವೋ ದೇವಸ್ಥಾನದ ಬಳಿಯೋ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ರೋಮಿನ ಲೆಕ್ಕವನ್ನು ಕೆಡಿಸಿದ್ದು ಇದೇ ಅಭ್ಯಾಸ. ನಗರಪಾಲಿಕೆಗಳಲ್ಲಿ ನನ್ನ ಕೋರಿಕೆ ಇಷ್ಟು: ವರ್ಷಕ್ಕೆ ಇಷ್ಟು ಸಾವಿರ ಎಂಬ ಗುರಿಯನ್ನು ಊರಿನ ತುಂಬ ಚೆಲ್ಲಬೇಡಿ. ಒಂದು ವಾರ್ಡ್ ಹಿಡಿಯಿರಿ, ಅಲ್ಲಿ ಹತ್ತರಲ್ಲಿ ಏಳು ಬೆಕ್ಕು ದಾಟಿದ ಮೇಲೆ ಅದಕ್ಕೆ ಅಂಟಿದ ವಾರ್ಡಿಗೆ ಹೋಗಿ, ಮೊದಲಿನದನ್ನು ಪ್ರತಿ ವರ್ಷ ಮತ್ತೆ ಎಣಿಸಿ. ಬೀದಿಬೆಕ್ಕಿಗೆ ಅನ್ನ ಹಾಕುವ ಪ್ರತಿಯೊಬ್ಬರಲ್ಲೂ ಒಂದು ಕೋರಿಕೆ: ನಿಮ್ಮ ಬೀದಿಯಲ್ಲಿ ಆರು ಬೆಕ್ಕಿದ್ದರೆ ಒಂದಕ್ಕೆ ಮಾಡಿಸಿ ನಿಲ್ಲಿಸಬೇಡಿ, ಅಕ್ಕಪಕ್ಕದವರನ್ನು ಸೇರಿಸಿಕೊಂಡು ಆರಕ್ಕೂ ಮಾಡಿಸಿ.