ಚೊಂಗೆಗೆ ಕರ್ಬಲಾದ ನಂಟು

ಮೊಹರಂ ಹತ್ತಿರ ಬಂತೆಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಚೊಂಗೆ ಮಣೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಗೋಧಿ ಹಿಟ್ಟನ್ನು ಬೆಲ್ಲದ ನೀರಲ್ಲಿ ಕಲಸಿ, ಗೆರೆ ಕೊರೆದ ಮರದ ಮಣೆಯ ಮೇಲೆ ಒತ್ತಿ ಮಾಡುವ ಸಿಹಿ ರೊಟ್ಟಿಯೇ ಚೊಂಗೆ. ಅದನ್ನೂ ಬೆಲ್ಲದ ಪಾನಕವನ್ನೂ ಅಲಾಯಿ ದೇವರ ಮುಂದಿಟ್ಟು ಓದಿಕೆ ಮಾಡಿಸುತ್ತಾರೆ. ತರುವವರಲ್ಲಿ ಮುಸ್ಲಿಮರಿಗಿಂತ ಲಿಂಗಾಯತರು, ಕುರುಬರು, ನಾಯಕರೇ ಹೆಚ್ಚಿರುವ ಊರುಗಳಿವೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರಲ್ಲೂ ಪಂಜಾ ಕೂರುವುದುಂಟು.

ಪಾನಕದ ಕಥೆ ಎಲ್ಲರಿಗೂ ಗೊತ್ತು. ಹಿಜರಿ 61ರ ಮೊಹರಂ 10ರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರಿನಲ್ಲಿ, ಪ್ರವಾದಿಯವರ (ಸ) ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಹುತಾತ್ಮರಾದರು. ಮೂರು ದಿನ ಮೊದಲೇ ಯಜೀದನ ಸೇನೆ ನದಿಯ ದಾರಿ ಕಟ್ಟಿತ್ತು. ಮಕ್ಕಳಿಗೆ ನೀರು ತರಲು ಹೋದ ತಮ್ಮ ಅಬ್ಬಾಸರು ತೋಳು ಕಳೆದುಕೊಂಡು ಬಿದ್ದರೆಂದು ಹೇಳುತ್ತಾರೆ. ಆ ದಾಹದ ನೆನಪಿಗೆ ಪಾನಕ. ಯಲಬುರ್ಗಾದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಗಂಗಾವತಿಯ ಗದ್ದೆಗಳಿಗೆ ಕಾಲುವೆ ಬಂದ ಮೇಲೂ ಅವನು ಮುಗಿಲು ನೋಡುತ್ತಲೇ ಇದ್ದ.

ಚೊಂಗೆಯ ಮಾತು ಬೇರೆ. ಕರ್ಬಲಾದ ಡೇರೆಗಳಲ್ಲಿ ಯಾರೂ ಚೊಂಗೆ ಒತ್ತಲಿಲ್ಲ. ಶೋಕದ ದಿನ ಸಿಹಿ ಯಾಕೆ, ಇದು ಬಿದ್‌ಅತ್ ಎಂದು ಕೆಲವು ಮೌಲ್ವಿಗಳು ಗದರುತ್ತಾರೆ. 'ಅದು ಅವರ ಹಬ್ಬ, ನಿಮಗ್ಯಾಕೆ' ಎಂದು ಇನ್ನೊಂದು ಕಡೆಯವರು ರೈತರಿಗೆ ಬುದ್ಧಿ ಹೇಳುತ್ತಾರೆ. ಮಣೆ ಅಟ್ಟದಲ್ಲೇ ಇರಲಿ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ!

ತಿನಿಸು ಮೊದಲು ಹುಟ್ಟುತ್ತದೆ, ಕಥೆ ಆಮೇಲೆ ಬಂದು ಅದರ ಮೇಲೆ ಕೂರುತ್ತದೆ ಎಂದು ನನಗನ್ನಿಸುತ್ತದೆ. ಇದು ನಮ್ಮಲ್ಲಿ ಮಾತ್ರವಲ್ಲ. ಚೀನಾದಲ್ಲಿ ಎಲೆಯಲ್ಲಿ ಕಟ್ಟಿ ಬೇಯಿಸುವ ಅಂಟಕ್ಕಿಯ ಕಡುಬಿದೆ, ಹೆಸರು ಜೊಂಗ್‌ಜಿ. ಕ್ರಿ.ಪೂ. 278ರ ಸುಮಾರಿಗೆ ಮಿಲುವೊ ನದಿಗೆ ಹಾರಿ ಪ್ರಾಣ ಬಿಟ್ಟ ಕವಿ ಚ್ಯು ಯುವಾನನ ನೆನಪಿಗೆ ಜನ ನೀರಿಗೆ ಅನ್ನ ಎಸೆದರು, ಅದೇ ಕಡುಬಾಯಿತು ಎಂಬುದು ಕಥೆ. ಕವಿಯ ಹೆಸರು ಕಡುಬಿಗೆ ಅಂಟಿದ್ದು ಬರಹದಲ್ಲಿ ಕಾಣುವುದು ಮಾತ್ರ ಏಳೆಂಟು ನೂರು ವರ್ಷಗಳ ನಂತರ. ತುರ್ಕಿಯವರು ಇದೇ ಮೊಹರಂನಲ್ಲಿ 'ಅಶುರೆ' ಎಂಬ ಪಾಯಸ ಮಾಡಿ ನೆರೆಮನೆಗೆಲ್ಲ ಹಂಚುತ್ತಾರೆ. ಪ್ರವಾದಿ ನೂಹರ ನಾವೆ ನೆಲ ಮುಟ್ಟಿದಾಗ ಉಳಿದಿದ್ದ ಕಾಳು, ಹಣ್ಣುಗಳನ್ನೆಲ್ಲ ಒಟ್ಟಿಗೆ ಬೇಯಿಸಿದರಂತೆ. ಅದೂ ಸಿಹಿಯೇ.

ನಮ್ಮ ಸೀಮೆ 1565ರ ತಾಳಿಕೋಟೆ ಯುದ್ಧದ ನಂತರ ಬಿಜಾಪುರದ ಕೈಸೇರಿತು. ಆಗ ಆಳುತ್ತಿದ್ದ ಒಂದನೇ ಅಲಿ ಆದಿಲ್‌ಶಾಹ ಶಿಯಾ. ಮುಂದೆ 1948ರವರೆಗೆ ನಿಜಾಮರ ಆಡಳಿತ. ಆದರೆ ದೊರೆಗಳ ಪಂಥ ಇಲ್ಲಿ ಬೇರೂರಲಿಲ್ಲ. ಊರಿದ್ದು ಹುಸೇನರ ಕಥೆ. ಅದನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿದವರು ಸುನ್ನಿಗಳು ಮತ್ತು ಹಿಂದೂ ಒಕ್ಕಲಿಗರು. ಅವರ ದಿನದ ಊಟ ಜೋಳ, ಸಜ್ಜೆ. ಗೋಧಿ, ಬೆಲ್ಲ ಹಬ್ಬಕ್ಕೆ ತೆಗೆದಿಟ್ಟದ್ದು. ಹೋಳಿಗೆಗೂ ಅದೇ, ಮಾದಲಿಗೂ ಅದೇ. ಹುಸೇನರು ಮನೆಗೆ ಬಂದಾಗ ಹೆಂಗಸರು ಅದನ್ನೇ ಮುಂದಿಟ್ಟರು. ಹರಕೆ ಫಲಿಸಿ ಹುಟ್ಟಿದ ಮಗನಿಗೆ ಹುಸೇನಪ್ಪ ಎಂದೋ ಫಕೀರಪ್ಪ ಎಂದೋ ಹೆಸರಿಟ್ಟು, ವರ್ಷವರ್ಷವೂ ಚೊಂಗೆ ಹಂಚುವ ಮನೆಗಳು ಇಂದಿಗೂ ಇವೆ.